ಕೆಂಬೂತಗಣ್ಣು: ಆ ಬಣ್ಣಕ್ಕೆ ಹೆಸರಿಟ್ಟವಳು

ಹೆಗ್ಗದ್ದೆ ಹತ್ತಿರದ ಎಸ್ಟೇಟಿನಲ್ಲಿ ಇನ್ನೂ ಮಂಜು ಕರಗಿಲ್ಲ. ಗಂಗಾಮಣಿ ಆಗಲೇ ಕಾಫಿ ಗಿಡದ ರೆಂಬೆ ಬಗ್ಗಿಸಿ ಒಂದೊಂದೇ ಹಣ್ಣನ್ನು ತಿರುಗಿಸಿ ನೋಡುತ್ತಿದ್ದಾರೆ. ಏಳನೆಯದು ಮನಸ್ಸಿಗೆ ಒಪ್ಪುತ್ತದೆ. ಕಿತ್ತು, ಎದುರಿಗಿರುವ ಇಪ್ಪತ್ತೆರಡು ಆಳುಗಳಿಗೆ ಎತ್ತಿ ತೋರಿಸುತ್ತಾರೆ: "ನೋಡ್ಕಳ್ರವ್ವಾ, ಇದು ಕೆಂಬೂತಗಣ್ಣು. ಇದ್ಕಿಂತ ಎಳೇದು ಮುಟ್ಟಿದ್ರೆ ನನ್ ಕೈಲಿ ಉಗಿಸ್ಕಂತೀರ."

ಕೆಂಬೂತ ಹಕ್ಕಿಯ ಕಣ್ಣಿನ ಕೆಂಪು ಅದು. ಕಿತ್ತಳೆ ಛಾಯೆ ಹೋಗಿರಬೇಕು, ಕಪ್ಪು ಹತ್ತಿರಬಾರದು. ಇಪ್ಪತ್ತೊಂಬತ್ತು ವರ್ಷದಿಂದ ಕೊಯ್ಲಿನ ಪ್ರತಿ ಬೆಳಿಗ್ಗೆ ಮಾದರಿ ಹಣ್ಣು ಆರಿಸುವುದು ಇವರೇ. ಆಮೇಲೆ ಎಲ್ಲರಂತೆ ಸಂಜೆಯೊಳಗೆ ನಲವತ್ತೈವತ್ತು ಕಿಲೋ ಕೊಯ್ಯಬೇಕು.

ಹೆಸರಿಟ್ಟದ್ದು ಇವರ ಅವ್ವ. "ಆಗೆಲ್ಲ ಕೆಂಪಗಿರೋದು ಕೀಳಿ ಅನ್ನೋರು. ಕೆಂಪು ಅಂದ್ರೆ ಯಾವ ಕೆಂಪು ಮಾರಾಯ್ರೆ?" ಅರೆಹಣ್ಣಾದ ದೋರೆಗಾಯಿ ಕಿತ್ತಿದ್ದಕ್ಕೆ ಆಗಿನ ಮಾಲೀಕರಾದ ದೊಡ್ಡ ಸಾಹುಕಾರರು ಅವ್ವನನ್ನು ಇಡೀ ದಿನ ಕಣದ ಬಿಸಿಲಲ್ಲಿ ನಿಲ್ಲಿಸಿದರಂತೆ. ಬೇಲಿ ಮೇಲೊಂದು ಕೆಂಬೂತ ಬಂದು ಕೂತಿತು. ಹೊತ್ತು ಹೋಗದೆ ಅವಳು ಅದರ ಕಣ್ಣನ್ನೂ ಕಣದ ಹಣ್ಣನ್ನೂ ಹೋಲಿಸುತ್ತ ನಿಂತಳು. ಮಾರನೆಯ ದಿನ ಲೈನ್ ಮನೆಗಳ ಆಳುಗಳಿಗೆಲ್ಲ ಹೇಳಿಕೊಟ್ಟಳು. ಆಮೇಲೆ ಯಾರೂ ಬಿಸಿಲಲ್ಲಿ ನಿಲ್ಲಬೇಕಾಗಲಿಲ್ಲ.

ಈಗ ಆ ಹೆಸರು ಎಸ್ಟೇಟಿನ ಕಾಫಿ ಪ್ಯಾಕೆಟ್ಟಿನ ಮೇಲಿದೆ. ಮಗಳು ಧನುಶ್ರೀ ಓದಿ ಹೇಳಿದಳು: "ಹಕ್ಕಿಪ್ರಿಯರಾದ ನಮ್ಮ ತಾತ ಇಟ್ಟ ಹೆಸರು." ತಾತ ಅಂದರೆ ಅದೇ ದೊಡ್ಡ ಸಾಹುಕಾರರು! ಮೊಮ್ಮಗ, ಈಗಿನ ಮಾಲೀಕ ಮೋಹನ್ ಅವರನ್ನು ಕೇಳಿದ್ದಕ್ಕೆ, "ಕತೆ ಚೆನ್ನಾಗಿರ್ಬೇಕಲ್ಲ, ಗಂಗಾಮಣಿ" ಎಂದು ನಕ್ಕುಬಿಟ್ಟರು.

ಹೋದ ವಾರ ಅತಿಥಿಗಳು ಬಂದಾಗ ಹಣ್ಣು ಹಿಡಿದು ನಿಲ್ಲಲು ಇವರನ್ನೇ ಕರೆಸಿದರು. ತಾತನ ಕತೆಯನ್ನು ಮೋಹನ್ ಹೇಳಿದರು. ಫೋಟೊಗಳಾದವು. "ನಾನೂ ಬಾಯಿಗೆ ಬೀಗ ಹಾಕ್ಕಂಡು ನಿಂತ್ಬುಟ್ಟೆ ಕಣ್ರೀ. ಇರೋ ಲೈನ್ ಮನೆ ಅವರ್ದಲ್ವಾ? ನಮ್ಮವ್ವನ್ನ ಎರಡ್ನೇ ಸಲ ಬಿಸ್ಲಲ್ಲಿ ನಿಲ್ಸಿದ್ದು ನಾನೇ."

ಇದೆಲ್ಲ ಪೇಪರಿನಲ್ಲಿ ಬಂದರೆ ತೊಂದರೆಯಾಗುವುದಿಲ್ಲವೇ ಎಂದು ಕೇಳಿದರೆ ಗಂಗಾಮಣಿ ಕೈಯಲ್ಲಿನ ಹಣ್ಣನ್ನು ಬುಟ್ಟಿಗೆ ಹಾಕಿ, ಸೆರಗಿಗೆ ಬೆರಳು ಒರೆಸಿಕೊಳ್ಳುತ್ತಾರೆ.

"ಆದ್ರೆ ಆಗ್ಲಿ ಬುಡಿ. ನಮ್ಮವ್ವನ ಹೆಸ್ರು ಬೋರಮ್ಮ. ಬರ್ಕಳಿ."

ಬರೆದದ್ದಾಯಿತು. ಅಕ್ಷರ ಬಾರದ ಅವರು ನನ್ನ ಟಿಪ್ಪಣಿ ಪುಸ್ತಕದ ಮೇಲೆ ಬಗ್ಗುತ್ತಾರೆ.

"ಎಲ್ಲಿ, ಇದ್ರಲ್ಲಿ ನಮ್ಮವ್ವ ಯಾವ್ದು? ತೋರ್ಸಿ."