ಎಮೇತೆರಿಯಾಳ ಹೊರಗಿದ್ದ ಕೋಳಿಗಳು

ಅರವತ್ತೆರಡು ವರ್ಷ ಬದುಕಿ ಎಮೇತೆರಿಯಾ ಗಳಿಸಿದ್ದೆಷ್ಟು ಎಂದು ಲೆಕ್ಕ ಹಾಕಲು ಸಹಕಾರಿ ಸಂಘದ ಗುಮಾಸ್ತ ನಬೋರನಿಗೆ ಏಳು ನಿಮಿಷ ಸಾಕಾಯಿತು. ಅವಳು ಉಣ್ಣೆಯ ಜಮಖಾನ ನೇಯುವವಳು. ಮಗನ ಮದುವೆಗೆ ಹನ್ನೆರಡು ದಿನ ಉಳಿದಿತ್ತು, ಊಟಕ್ಕೆ ಇಪ್ಪತ್ತು ಟರ್ಕಿ ಕೋಳಿ ಬೇಕಿತ್ತು. ಹತ್ತೊಂಬತ್ತಾದರೂ ಬೀಗರ ಬೀದಿಯಲ್ಲಿ ತಲೆಯೆತ್ತುವಂತಿರಲಿಲ್ಲ. ಅದಕ್ಕೇ ಸಾಲ ಕೇಳಲು ಬಂದಿದ್ದಳು.

"ಮನೆ?" ಎಂದ ನಬೋರ್.

"ಇದೆಯಲ್ಲೋ. ನೀನು ಅಂಬೆಗಾಲಿಟ್ಟಿದ್ದೇ ಅಲ್ಲಿ."

"ಪತ್ರ ಸತ್ತುಹೋದ ಮಾವನ ಹೆಸರಲ್ಲಿದೆ ಅತ್ತೆ, ಬರೆಯೋ ಹಾಗಿಲ್ಲ. ಮಗ್ಗಕ್ಕೆ ಮೂರು ಸಾವಿರ ಹಾಕ್ತೀನಿ. ಕೋಳಿ ಒಂದು, ಎಂಟುನೂರು. ಉಣ್ಣೆ ಸಾಹುಕಾರನಿಗೆ ಕೊಡಬೇಕಾದ್ದು ಆರೂವರೆ ಸಾವಿರ." ಅವನು ಕಳೆದು ನೋಡಿದ. "ನಿವ್ವಳ, ಸೊನ್ನೆಗಿಂತ ಎರಡು ಸಾವಿರದ ಏಳುನೂರು ಪೆಸೊ ಕೆಳಗೆ."

"ನಾನು ಹುಟ್ಟದೇ ಇದ್ದಿದ್ರೆ ಊರಿಗೆ ಲಾಭ ಅನ್ನು."

"ನಾನು ಹಾಗಂದ್ನಾ?"

"ಕೋಳಿ ಒಂದೇ ಬರ್ಕೊಂಡ್ಯಲ್ಲ, ಹೊರಗಿಂದ ಬರಬೇಕಾದ್ದು ಹದಿನಾಲ್ಕಿದೆ." ಸೆರಗಿನಂತೆ ಹೊದ್ದ ಶಾಲಿನೊಳಗಿಂದ ಜಿಡ್ಡುಗಟ್ಟಿದ ನೋಟುಬುಕ್ಕು ಹೊರಬಂತು.

ಮದುವೆಮನೆಗೆ ಕೋಳಿ ಒಯ್ದವರು ಬಾಗಿಲಲ್ಲೇ ತೂಗಿಸಿ ಬರೆಸಬೇಕು. ತಮ್ಮ ಮನೆಯಲ್ಲಿ ಮದುವೆ ಬಂದಾಗ ಅದೇ ತೂಕದ್ದು ಹಿಂದಕ್ಕೆ ಬರಬೇಕು. ಆ ಕಣಿವೆಯಲ್ಲಿ ಸಂಘದ ಸಾಲ ಮುಳುಗಿದ್ದುಂಟು, ಕೋಳಿ ಮುಳುಗಿದ್ದನ್ನು ಕಂಡವರಿಲ್ಲ.

ನಬೋರ್ ಪುಟ ಮಗುಚಿದ. "ಇದಕ್ಕೆ ನಮ್ಮ ಫಾರಮ್ಮಲ್ಲಿ ಜಾಗವಿಲ್ಲ ಅತ್ತೆ. ನೀವು ಕೊಡಬೇಕಾದ ಕೋಳಿಗಳೂ ಐದಿವೆಯಲ್ಲ."

"ಅವರ ಮಕ್ಕಳಿಗೆ ಇನ್ನೂ ಮೀಸೆ ಬಂದಿಲ್ಲ, ಬಿಡು."

ಸಾಲ ಹುಟ್ಟಲಿಲ್ಲ. ಮರುದಿನದಿಂದ ಅವಳು ರೊಟ್ಟಿಬುಟ್ಟಿ ಹೊತ್ತು ಮನೆಮನೆಗೆ ನಡೆದಳು. ಬಾಗಿಲಲ್ಲಿ ರೊಟ್ಟಿಯಿಟ್ಟು "ಮಗನ ಮದುವೆ" ಎಂದರೆ ಮುಗಿಯಿತು, ಮಿಕ್ಕದ್ದನ್ನು ನೋಟುಬುಕ್ಕೇ ಹೇಳುತ್ತಿತ್ತು. ಮುದುಕ ಫಿದೆನ್ಸಿಯೋ ಮಾತ್ರ ಗಡ್ಡ ಕೆರೆದ.

"ನಾಲ್ಕು ಕಿಲೋದ್ದಲ್ವೇನಮ್ಮಾ?"

"ಐದೂವರೆ. ಹನ್ನೊಂದು ವರ್ಷವಾಯ್ತು, ನಿನ್ನ ಮಗಳ ಮದುವೆಗೆ."

"ತೂಗೋ ಮೊದಲು ನೀರು ಕುಡಿಸಿದ್ದೆ ನೀನು."

"ಕುಡಿಸಿದ್ದೆ. ನೀನೂ ಕುಡಿಸಿ ತಗೊಂಡು ಬಾ, ಯಾರು ಬೇಡ ಅಂತಾರೆ?"

ಹಿಂದಿರುಗಿ ಮಗ್ಗಕ್ಕೆ ಕೂತಳು. ಹದಿನಾಲ್ಕು, ಅಂಗಳದ್ದೊಂದು. ಐದು ಕಮ್ಮಿ. ಲಾಳಿ ಅತ್ತಿಂದಿತ್ತ ಹೋಗುತ್ತಿದ್ದಂತೆ ಇಳಿಬಿಸಿಲು ಎಳೆಗಳಿಗೆ ಹತ್ತಿಕೊಂಡಿತು. ಹನ್ನೊಂದು ವರ್ಷದ ಹಿಂದೆ ಜನ ತಿಂದು ಕೈತೊಳೆದ ಆ ಕೋಳಿ ಫಿದೆನ್ಸಿಯೋನ ಬೇಲಿ ದಾಟಿ ಬೀದಿಗಿಳಿದಂತೆ ಅವಳಿಗೆ ಕಂಡಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಗಂಡನ ಕೈಹಿಡಿದು ಹೋಗಿ ಅವಳು ತೂಗಿಸಿದ್ದವು, ಹೊಸ ರವಿಕೆ ತೊಟ್ಟು ಒಯ್ದಿದ್ದವು, ಬೆಟ್ಟದ ನೆರಳಿನೊಳಗಿಂದ ಬಾಲ ಬಿಚ್ಚಿಕೊಂಡು, ಅವಸರವಿಲ್ಲದೆ ಮನೆಯ ಕಡೆಗೆ ಬರುತ್ತಿದ್ದವು. ಎಣಿಸಿದಳು. ಹಗಲುಗನಸಿನಲ್ಲೂ ಹದಿನಾಲ್ಕೇ. ಇಂಥ ಹೆಂಗಸಿಗೆ ಸಾಲ ಕೊಡದ ಸಂಘಕ್ಕೆ ಏನೆನ್ನೋಣ!

ಮದುವೆಯ ಹಿಂದಿನ ದಿನ ಬೆಳಿಗ್ಗೆ ತಕ್ಕಡಿ ತೂಗುಹಾಕಿದರು. ಹದಿನಾಲ್ಕೂ ಬಂದವು. ಫಿದೆನ್ಸಿಯೋನದು ಐದೂವರೆ ತೂಗಿ ಅಂಗಳದಲ್ಲೇ ನೀರು ಕಕ್ಕಿತು. ಆಮೇಲೆ ಬೀದಿ ಬರಿದಾಯಿತು. ಎಮೇತೆರಿಯಾ ಬಾಗಿಲಲ್ಲೇ ನಿಂತಳು, ಒಳಗೆ ಕರಿಸಾರಿಗೆ ಮೆಣಸಿನಕಾಯಿ ಹುರಿಯುವ ಘಾಟು.

ಆಗ ಎಂಟು ಕಿಲೋದ ಹುಂಜವೊಂದನ್ನು ತಬ್ಬಿಕೊಂಡು ನಬೋರ್ ಬಂದ, ಅಂಗಿಯೆಲ್ಲ ಗಲೀಜು.

"ನೀನು ನನಗೇನೂ ಕೊಡಬೇಕಾಗಿಲ್ಲವಲ್ಲೋ?"

"ಬರ್ಕೊಳ್ಳಿ ಅತ್ತೆ. ಬರೋ ವರ್ಷ ನನ್ನದೂ ಮದುವೆ."

"ಸೊನ್ನೆಗಿಂತ ಕೆಳಗಿರೋಳಿಗೆ ಎಂಟು ಕಿಲೋ ಸಾಲ ಕೊಡ್ತೀಯಾ?"

"ಅದು ಸಂಘದ ದುಡ್ಡು ಅತ್ತೆ. ಇದು ನನ್ನದು."

ಅವನ ಹಿಂದೆಯೇ ಇನ್ನೂ ಆರು ಮನೆಯವರು ಒಂದೊಂದು ಕೋಳಿ ಹಿಡಿದು ಬಂದರು. ಎಲ್ಲರ ಮನೆಯಲ್ಲೂ ಬೆಳೆದ ಮಕ್ಕಳೇ. ಅಂಗಳದ್ದೂ ಸೇರಿ ಒಟ್ಟು ಇಪ್ಪತ್ತೆರಡಾಯಿತು.

ಸಂಜೆ ನಬೋರ್ ಅಭ್ಯಾಸಬಲದಿಂದ ನೋಟುಬುಕ್ಕು ಹಿಡಿದ. "ಬರಬೇಕಾದ್ದು ಒಂದೂ ಉಳಿದಿಲ್ಲ. ಕೊಡಬೇಕಾದ್ದು ಹಳೇದು ಐದು, ಹೊಸದು ಏಳು. ಮೊದಲಿಗಿಂತ ಕೆಳಗಿಳಿದ್ರಿ."

"ಅಂದ್ರೆ ಹನ್ನೆರಡು ಮದುವೆ ನೋಡದೆ ನಾನು ಸಾಯೋ ಹಾಗಿಲ್ಲ," ಎಂದು ಎಮೇತೆರಿಯಾ ಪುಸ್ತಕ ಕಿತ್ತುಕೊಂಡು, ಅವನ ಹೆಸರಿನ ಮುಂದೆ ಎಂಟು ಕಿಲೋ ಎಂದು ಬರೆದಳು. ಬರೆಯುವ ಮುನ್ನ ಹುಂಜಕ್ಕೆ ನೀರು ಕುಡಿಸಿದ್ದಾನೋ ಎಂದು ಅದರ ಕೊರಳು ಹಿಸುಕಿ ನೋಡುವುದನ್ನು ಮರೆಯಲಿಲ್ಲ.