ಎತ್ತಿಕೊಡದ ಹುಲ್ಲಿನ ಹೊರೆ

“ತಾತ, ಲೋಡ್ ಅಂದ್ರೂ ಹೊರೆ, ಬರ್ಡನ್ ಅಂದ್ರೂ ಹೊರೆ. ಎರಡು ಯಾಕೆ?” ಜಗಲಿಯಲ್ಲಿ ಓದುತ್ತಿದ್ದ ಮೊಮ್ಮಗಳು ಕೇಳಿದಳು.

“ತಲೆ ಮೇಲಿರೋದು ಲೋಡು, ಎದೆಯೊಳಗಿರೋದು ಬರ್ಡನ್ನು ಕಣವ್ವ” ಎಂದೆ.

“ನಿಂಗೂ ಐತಾ?”

ಅಂಗಳದಲ್ಲಿ ತೆಂಗಿನ ನೆರಳು ತೂಗುತ್ತಿತ್ತು. ಆ ನೆರಳಿನಲ್ಲೇ ಮಾದಿಹಳ್ಳಿಯ ಹಳೆಯ ಗದ್ದೆಯ ಬದು ತೇಲಿ ಬಂತು. ಬಸುರಿ ಹೆಂಡತಿ ಹುಲ್ಲಿನ ಹೊರೆಯ ಪಕ್ಕ ನಿಂತು, “ಒಂದ್ ಕೈ ಹಾಕ್ರೀ” ಎಂದು ಕೂಗಿದ್ದಳು. ಹೆಂಡತಿಯ ತಲೆಗೆ ಹೊರೆ ಎತ್ತಿಕೊಟ್ಟರೆ ಜೊತೆಗಿದ್ದ ಗೆಳೆಯರು ನಗುತ್ತಾರೆಂದು, ಕೇಳಿಸದವನಂತೆ ನಡೆದುಬಿಟ್ಟೆ. ಆಮೇಲೆ ಇಷ್ಟು ವರ್ಷ ಅವಳು ನನ್ನನ್ನು ಯಾವ ಕೆಲಸಕ್ಕೂ ಕರೆಯಲಿಲ್ಲ.

ಇದನ್ನೆಲ್ಲ ಮೊಮ್ಮಗಳಿಗೆ ಹೇಳಿ, “ತಪ್ಪು ಮಾಡ್ದೆ ಕಣವ್ವ” ಎಂದೆ. ಒಳಗೆ ಹೆಂಡತಿ ಅಕ್ಕಿ ಕೇರುತ್ತಿದ್ದ ಸದ್ದು ನಿಂತಿತು.

ಸಂಜೆ ಹಿತ್ತಲಿನಿಂದ ಕೂಗು ಬಂತು: “ರೀ, ಈ ಹಂಡೆಗೆ ಒಂದ್ ಕೈ ಹಾಕ್ರೀ.” ಓಡಿದೆ. ಮಂಡಿನೋವು ನೆನಪಾದದ್ದು ಆಮೇಲೆ.