ಕೋಟೆ ಮಾಮನ ಕೊನೆಯ ಕಥೆ

ಒಂದು ದಿನದ ಮಟ್ಟಿಗೆ ಕಾರು ಗೊತ್ತುಮಾಡಿಕೊಂಡು ಕೋಟೆ, ಕಣಿವೆ ನೋಡಲು ಬರುವವರಿಗೆಲ್ಲ ಅವನು ಕೋಟೆ ಮಾಮ. ಕಾರೂ ಅವನದೇ, ಕಥೆಯೂ ಅವನದೇ. ಕಾರಿಗೆ ಬ್ರೇಕುಂಟು, ಬಾಯಿಗಿಲ್ಲ. ಹೊಸ ಜೋಡಿ ಬಂದರೆ ರಾಣಿ ಕಿಟಕಿಯಲ್ಲಿ ರಾಜನಿಗಾಗಿ ಕಾಯುತ್ತಾಳೆ, ಮಕ್ಕಳು ಬಂದರೆ ಅದೇ ರಾಣಿ ಕತ್ತಿ ಹಿರಿಯುತ್ತಾಳೆ. ಯಾರಾದರೂ ಫೋನು ನೋಡುತ್ತಿದ್ದರೆ, "ಸ್ವಾಮಿ, ಎಡಗಡೆ ನೋಡಿ, ಪಾಪ, ಆ ಬುರುಜು ಎಷ್ಟು ಕಾಲದಿಂದ ನಿಮಗೋಸ್ಕರ ನಿಂತಿದೆ!" ಎಂದು ರೇಗಿಸುತ್ತಾನೆ. ಕೋಟೆಗೆ ಕಲ್ಲು ಹೊತ್ತ ಹೆಂಗಸಿನ ಕಥೆಯೊಂದನ್ನು ಮಾತ್ರ ಯಾರಿಗಾಗಿಯೂ ತಿರುಚುವುದಿಲ್ಲ. ಅವಳ ವಂಶದವನು ತಾನೆಂದು ಅವನಿಗೆ ಹೆಮ್ಮೆ. ಅದಕ್ಕೇ ಅದನ್ನು ವಾಪಸು ದಾರಿಗೆಂದು ಕಾಪಾಡಿ ಇಟ್ಟುಕೊಳ್ಳುತ್ತಾನೆ. ಅಷ್ಟು ಹೊತ್ತಿಗೆ ಬಿಸಿಲಲ್ಲಿ ಸುತ್ತಿದವರೆಲ್ಲ ಗೊರಕೆ ಹೊಡೆಯುತ್ತಿರುತ್ತಾರೆ. ಪೂರ್ತಿ ಕೇಳಿದವರು ಇದುವರೆಗೆ ಒಬ್ಬರೂ ಇಲ್ಲ. ಆದರೂ ಅವನು ದನಿ ತಗ್ಗಿಸಿ ಸ್ಟೀರಿಂಗಿಗೇ ಹೇಳಿಕೊಂಡು ಹೋಗುತ್ತಾನೆ. ಮೊನ್ನೆ ಹಾಗೆ ಹೇಳುತ್ತಿದ್ದಾಗ ಹಿಂದೆ ಕುಳಿತಿದ್ದ ಹುಡುಗಿ, "ಅಮ್ಮ ಮಲಗಿದ್ದಾರೆ, ಸ್ವಲ್ಪ ಸುಮ್ನಿರಿ" ಎಂದಳು. ಮಾಮ ಬಾಯಿ ಮುಚ್ಚಿದ. "ನಾನೆಲ್ಲೇ ಮಲಗಿದೀನಿ? ಕಣ್ಣು ಮುಚ್ಕೊಂಡು ಕೇಳ್ತಿದೀನಿ. ಕಲ್ಲು ಇಳಿಸಿ ಆಮೇಲೆ ಏನ್ಮಾಡಿದಳಪ್ಪ ಅವಳು?" ಎಂದರು ತಾಯಿ. ಮಾಮ ಕಾರನ್ನು ರಸ್ತೆ ಪಕ್ಕಕ್ಕೆ ನಿಲ್ಲಿಸಿ, ಪೂರ್ತಿ ಹಿಂದಕ್ಕೆ ತಿರುಗಿ ಕುಳಿತ. "ಹೇಳ್ತೀನಮ್ಮ," ಎಂದ, "ಮೊದಲಿಂದ ಹೇಳ್ತೀನಿ."